ಮುತ್ತಿನ ಕಡಲ ದಡದ ಮಿಷನ್ ಆಸ್ಪತ್ರೆಗಳು

ಬಹ್ರೈನಿನಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ಮುಸ್ಲಿಮರಲ್ಲಿ ‘ಅಮೆರಿಕನ್ ಮಿಷನ್ ಆಸ್ಪತ್ರೆ’ಯ ಹೆಸರು ಕೇಳದವರು ವಿರಳ. ಜ್ವರ ಬಂದಾಗ ಅಲ್ಲಿಗೆ ಹೋದವರಿದ್ದಾರೆ, ಮಕ್ಕಳಿಗೆ ಅಲ್ಲಿ ಜನ್ಮ ನೀಡಿದ ತಾಯಂದಿರಿದ್ದಾರೆ. ಆದರೆ ಆ ಹೆಸರಿನಲ್ಲಿರುವ ‘ಮಿಷನ್’ ಎಂಬ ಪದ ಎಲ್ಲಿಂದ ಬಂತು, ಒಂದು ಮುಸ್ಲಿಂ ದ್ವೀಪದಲ್ಲಿ ಅಮೆರಿಕದ ಕ್ರೈಸ್ತರು ಆಸ್ಪತ್ರೆಯನ್ನೇಕೆ ಕಟ್ಟಿದರು ಎಂದು ವಿಚಾರಿಸಿದವರು ಬಹಳ ಕಡಿಮೆ. ತೈಲದ ಸಂಪತ್ತು ಬರುವುದಕ್ಕೆ ಮೊದಲು ಕೊಲ್ಲಿಯ ಅರಬರು ಬಡವರಾಗಿದ್ದರು, ಅವರ ರೋಗಿಗಳನ್ನು ಮುಟ್ಟಿ ಶುಶ್ರೂಷೆ ಮಾಡಲು ಸಾವಿರಾರು ಮೈಲಿ ದೂರದಿಂದ ಪರಧರ್ಮೀಯರು ಬಂದಿದ್ದರು ಎಂಬುದು ಇಂದಿನ ಯುವಕರಿಗೆ ನಂಬಲು ಕಷ್ಟವಾಗುವ ಇತಿಹಾಸ. ಆ ಇತಿಹಾಸದಲ್ಲಿ ನಮಗೆ ಹಿತವೆನಿಸುವ ಸಂಗತಿಗಳೂ ಇವೆ, ಚುಚ್ಚುವ ಸಂಗತಿಗಳೂ ಇವೆ. ಎರಡನ್ನೂ ಮರೆಮಾಚದೆ ಹೇಳುವುದು ನ್ಯಾಯ.

1889ರಲ್ಲಿ ಅಮೆರಿಕದ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಎಂಬ ಊರಿನ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಜಾನ್ ಲ್ಯಾನ್ಸಿಂಗ್ ಎಂಬ ಪ್ರಾಧ್ಯಾಪಕರಿದ್ದರು. ಮಿಷನರಿ ದಂಪತಿಗಳ ಮಗನಾಗಿ ದಮಾಸ್ಕಸ್‌ನಲ್ಲಿ ಜನಿಸಿದ ಅವರು ಅರಬೀ ಭಾಷೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಸ್ಲಾಮಿನ ಜನ್ಮಭೂಮಿಯಾದ ಅರೇಬಿಯಕ್ಕೇ ಹೋಗಿ ಕ್ರೈಸ್ತ ಧರ್ಮವನ್ನು ಸಾರಬೇಕೆಂಬ ಅವರ ಹಂಬಲಕ್ಕೆ ಮೂವರು ವಿದ್ಯಾರ್ಥಿಗಳು ಓಗೊಟ್ಟರು. ಅವರಲ್ಲಿ ಕೊನೆಯವರೆಗೂ ಹೆಸರು ಉಳಿಸಿಕೊಂಡವರು ಜೇಮ್ಸ್ ಕ್ಯಾಂಟೈನ್ ಮತ್ತು ಸ್ಯಾಮುಯೆಲ್ ಝ್ವೇಮರ್. ಅವರ ‘ರಿಫಾರ್ಮ್ಡ್’ ಸಭೆಯು ಸಾಲದಲ್ಲಿದ್ದ ಕಾರಣ ಈ ಯೋಜನೆಯನ್ನು ವಹಿಸಿಕೊಳ್ಳಲು ಒಪ್ಪಲಿಲ್ಲ. ಆಗ ಇಬ್ಬರೂ ತಾವೇ ಊರೂರು ಸುತ್ತಿ ಹಣ ಕೂಡಿಸಿದರು. ಕ್ಯಾಂಟೈನ್‌ರ ಪ್ರಯಾಣದ ವೆಚ್ಚಕ್ಕಾಗಿ ಝ್ವೇಮರ್ ಬೇಡಿದರೆ, ಝ್ವೇಮರ್‌ರಿಗಾಗಿ ಕ್ಯಾಂಟೈನ್ ಬೇಡಿದರು. ತನಗಾಗಿ ಬೇಡುವುದಕ್ಕಿಂತ ಇನ್ನೊಬ್ಬನಿಗಾಗಿ ಬೇಡುವುದು ಸುಲಭ ಎಂಬುದು ನಮ್ಮ ಮದ್ರಸಗಳಿಗೆ ವಂತಿಗೆ ಸಂಗ್ರಹಿಸಿದವರಿಗೆಲ್ಲ ತಿಳಿದ ವಿಷಯವೇ. 1894ರಲ್ಲಿ ಮಾತ್ರ ಸಭೆಯು ಈ ‘ಅರೇಬಿಯನ್ ಮಿಷನ್’ ಅನ್ನು ತನ್ನದೆಂದು ಸ್ವೀಕರಿಸಿತು. ಅಷ್ಟರಲ್ಲಿ 1891ರಲ್ಲಿ ಬಸ್ರಾ, 1892ರ ಕೊನೆಯಲ್ಲಿ ಬಹ್ರೈನ್, 1893ರಲ್ಲಿ ಮಸ್ಕತ್ ಎಂದು ಮೂರು ನೆಲೆಗಳು ಸ್ಥಾಪಿತವಾಗಿದ್ದವು.

ಮಸ್ಕತ್ತಿಗೆ ಇವರಿಗಿಂತಲೂ ಮೊದಲು ಬಂದ ಒಬ್ಬ ವೃದ್ಧರ ವಿಷಯ ಇಲ್ಲಿ ಹೇಳದೆ ಮುಂದುವರಿಯಲಾರೆ, ಏಕೆಂದರೆ ಅವರ ಕಥೆಯ ಒಂದು ತುದಿ ನಮ್ಮ ಉಲಮಾಗಳ ಚರಿತ್ರೆಯಲ್ಲಿದೆ. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾಹ್ ಕೈರಾನವಿಯವರಿಗೂ ಪಾದ್ರಿ ಫಾಂಡರ್‌ರಿಗೂ ನಡೆದ ಪ್ರಸಿದ್ಧ ಧಾರ್ಮಿಕ ಸಂವಾದವನ್ನು ಮದ್ರಸಗಳಲ್ಲಿ ಓದಿದವರೆಲ್ಲ ಬಲ್ಲರು. ಫಾಂಡರ್ ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಂದರೆ 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಕನ್ನಡದ ಮೊದಲ ಪತ್ರಿಕೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಕಿಟ್ಟೆಲರ ಶಬ್ದಕೋಶವನ್ನೂ ಕೊಟ್ಟ ಬಾಸೆಲ್ ಮಿಷನ್ನಿನ ಗರಡಿಯಲ್ಲಿಯೇ. ಆಗ್ರಾದ ಸಭೆಯಲ್ಲಿ ಫಾಂಡರ್‌ರ ಪಕ್ಕದಲ್ಲಿ ಕುಳಿತ ಸಹಾಯಕ, ಥಾಮಸ್ ವಾಲ್ಪಿ ಫ್ರೆಂಚ್ ಎಂಬ ಯುವ ಆಂಗ್ಲ ಪಾದ್ರಿ. ಆ ಸಂವಾದದಲ್ಲಿ ಮೌಲಾನಾರ ಪ್ರಶ್ನೆಗಳಿಗೆ ಉತ್ತರಿಸಲು ಪಾದ್ರಿಗಳು ಪರದಾಡಿದರು. ಮೂರು ವರ್ಷಗಳ ನಂತರ 1857ರ ದಂಗೆಯಲ್ಲಿ ಮೌಲಾನಾರು ದೇಶ ಬಿಟ್ಟು ಮಕ್ಕಾ ಸೇರಿದರು, ಅಲ್ಲಿ ಸೌಲತಿಯ್ಯ ಮದ್ರಸವನ್ನು ಸ್ಥಾಪಿಸಿದರು. ಅದಕ್ಕೆ ಧನಸಹಾಯ ನೀಡಿ ಹೆಸರನ್ನೂ ಕೊಟ್ಟವರು ಕಲ್ಕತ್ತೆಯ ಸೌಲತುನ್ನಿಸಾ ಎಂಬ ಮಹಿಳೆ. ಇತ್ತ ಫ್ರೆಂಚ್ ಲಾಹೋರಿನ ಬಿಷಪ್ ಆಗಿ, ಆ ಪದವಿಯನ್ನು ತ್ಯಜಿಸಿ, ತಮ್ಮ 66ನೆಯ ವಯಸ್ಸಿನಲ್ಲಿ 1891ರ ಆರಂಭದಲ್ಲಿ ಮಸ್ಕತ್ತಿಗೆ ಬಂದರು. ಬೀದಿಯಲ್ಲಿ ಕುಳಿತು ಜನರಿಗೆ ಬೈಬಲ್ ಓದಿ ಹೇಳುತ್ತಿದ್ದರು. ಸುಮಾರು ಮೂರು ತಿಂಗಳುಗಳಲ್ಲಿ ಬಿಸಿಲಿನ ಬೇಗೆಗೆ ಬಲಿಯಾಗಿ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಆಗ್ರಾದಲ್ಲಿ ಎದುರುಬದುರು ಕುಳಿತ ಈ ಇಬ್ಬರೂ ಮಣ್ಣಾದದ್ದು ಅರೇಬಿಯದಲ್ಲಿಯೇ, ಒಬ್ಬರು ಮಕ್ಕಾದಲ್ಲಿ, ಇನ್ನೊಬ್ಬರು ಮಸ್ಕತ್ತಿನ ಕಡಲ ಅಂಚಿನಲ್ಲಿ.

ಹೀಗೆ ಬರಿಯ ಬೋಧನೆಯ ದಾರಿ ಫಲಿಸದೆಂದು ಮಿಷನರಿಗಳಿಗೆ ಬೇಗನೆ ಅರಿವಾಯಿತು. ಬಹ್ರೈನಿಗೆ ಬಂದಿಳಿದಾಗ ಝ್ವೇಮರ್‌ರಿಗೆ 25 ವರ್ಷ. ಅವರು ವೈದ್ಯರಲ್ಲ. ಆದರೂ ಕ್ವಿನೈನ್ ಗುಳಿಗೆ ಕೊಡುವುದು, ಕೊಳೆತ ಹಲ್ಲು ಕೀಳುವುದು ಮುಂತಾದ ಅಲ್ಪ ಚಿಕಿತ್ಸೆಗಳಿಂದ ಜನರ ಬಾಗಿಲು ತೆರೆಯಿತು. ಪುಸ್ತಕ ಹಿಡಿದು ಬಂದವನನ್ನು ಓಡಿಸುತ್ತಿದ್ದವರು ಇಕ್ಕಳ ಹಿಡಿದು ಬಂದವನನ್ನು ಒಳಗೆ ಕರೆದರು. ಅದಕ್ಕೆ ಕಾರಣ ಆ ಕಾಲದ ಕೊಲ್ಲಿಯ ಸ್ಥಿತಿಯಲ್ಲಿತ್ತು.

ಆಗಿನ ಬಹ್ರೈನ್, ಕುವೈತ್, ಖತರ್‌ಗಳು ಮುತ್ತಿನ ಕಡಲನ್ನು ನಂಬಿ ಬದುಕುತ್ತಿದ್ದ ಊರುಗಳು. ಬೇಸಗೆಯ ತಿಂಗಳುಗಳಲ್ಲಿ ನೂರಾರು ಹಡಗುಗಳು ಮುತ್ತಿನ ಚಿಪ್ಪಿಗಾಗಿ ಹೊರಡುತ್ತಿದ್ದವು. ಮುಳುಗುಗಾರನು ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿಕೊಂಡು ತಳ ಸೇರುತ್ತಿದ್ದನು. ಮೇಲಿನಿಂದ ಹಗ್ಗ ಹಿಡಿದವನು ಅವನನ್ನು ಎಳೆದುಕೊಳ್ಳುತ್ತಿದ್ದನು. ದಿನಕ್ಕೆ ಹತ್ತಾರು ಬಾರಿ ಈ ಮುಳುಗು. ಕಿವಿಯ ತಮಟೆ ಒಡೆಯುವುದು, ಕಣ್ಣು ಕೆಡುವುದು, ಉಪ್ಪುನೀರಿಗೆ ಚರ್ಮ ಹುಣ್ಣಾಗುವುದು ಸಾಮಾನ್ಯವಾಗಿತ್ತು. ಋತು ಆರಂಭವಾಗುವ ಮೊದಲೇ ನಾಖುದಾನಿಂದ ಮುಂಗಡ ಪಡೆದು ಮನೆಗೆ ಅಕ್ಕಿ, ಖರ್ಜೂರ ಇಟ್ಟು ಹೋಗುತ್ತಿದ್ದ ಈ ಬಡವರ ಸಾಲವು ತೀರುತ್ತಲೇ ಇರಲಿಲ್ಲ. ತಂದೆ ಸತ್ತರೆ ಸಾಲ ಮಗನ ಹೆಗಲಿಗೆ ಬೀಳುತ್ತಿತ್ತು. ಬಡ್ಡಿಯನ್ನು ನಿಷೇಧಿಸಿದ ಧರ್ಮದ ನಾಡಿನಲ್ಲಿ, ಬಡ್ಡಿಯೆಂಬ ಹೆಸರಿಲ್ಲದೆ, ಬೆಲೆ ಏರಿಸಿ ಕಡಕೊಟ್ಟ ಅಕ್ಕಿಯ ಲೆಕ್ಕದಲ್ಲಿ ಮನುಷ್ಯರನ್ನು ಕಟ್ಟಿಹಾಕಲಾಗುತ್ತಿತ್ತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದು ಅರ್ಥವಾಗದು. ಇದರ ಜೊತೆಗೆ ಸಿಡುಬು, ಮಲೇರಿಯಾ, ಕಣ್ಣನ್ನು ಕುರುಡಾಗಿಸುವ ಟ್ರಕೋಮ. ಚಿಕಿತ್ಸೆಯೆಂದರೆ ಕಾದ ಕಬ್ಬಿಣದಿಂದ ಬರೆ ಹಾಕುವುದು, ಗಿಡಮೂಲಿಕೆ, ತಾಯಿತ.

ಮುಸ್ಲಿಮರಿಗೆ ಆಸ್ಪತ್ರೆ ಹೊಸದೇನಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡವರಿಗಾಗಿ ಪ್ರವಾದಿವರ್ಯರ(ಸ) ಮಸೀದಿಯಲ್ಲಿಯೇ ರುಫೈದಾ(ರ) ಎಂಬ ಸಹಾಬಿ ಮಹಿಳೆ ಗುಡಾರ ಹಾಕಿ ಶುಶ್ರೂಷೆ ನಡೆಸಿದ್ದರು. 1154ರಲ್ಲಿ ನೂರುದ್ದೀನ್ ಝಂಗಿ ದಮಾಸ್ಕಸ್ಸಿನಲ್ಲಿ, 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಕಟ್ಟಿಸಿದ ಬೀಮಾರಿಸ್ತಾನ್‌ಗಳು ವಕ್ಫ್‌ನ ಆದಾಯದಿಂದ ನಡೆಯುತ್ತಿದ್ದವು. ಅಲ್ಲಿ ಬಡವ, ಬಲ್ಲಿದ, ಗಂಡು, ಹೆಣ್ಣು ಎಲ್ಲರಿಗೂ ಚಿಕಿತ್ಸೆ ಉಚಿತವಾಗಿತ್ತು. ನಮ್ಮ ಭಾಷಣಕಾರರು ಈ ಹೆಸರುಗಳನ್ನು ಸೊಗಸಾಗಿ ಉಚ್ಚರಿಸುತ್ತಾರೆ. ಆದರೆ ಆ ಆಸ್ಪತ್ರೆಗಳು ಇದ್ದದ್ದು ಮಹಾನಗರಗಳಲ್ಲಿ. ಕೊಲ್ಲಿಯ ಮೀನುಗಾರರ, ಮುತ್ತಿಗರ ಊರುಗಳಿಗೆ ಅವು ಎಂದೂ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ನಗರಗಳಲ್ಲಿಯೂ ಆ ವಕ್ಫ್‌ಗಳು ಸೊರಗಿದ್ದವು. ನೂರಾರು ವರ್ಷಗಳ ಹಿಂದಿನ ಆಸ್ಪತ್ರೆಯ ಹೆಮ್ಮೆಯಿಂದ ಇಂದಿನ ರೋಗಿಯ ಜ್ವರ ಇಳಿಯದು.

ಆ ತೆರವಿನಲ್ಲಿ 1903ರಲ್ಲಿ ಮನಾಮದಲ್ಲಿ ಮೇಸನ್ ಸ್ಮಾರಕ ಆಸ್ಪತ್ರೆ ತೆರೆಯಿತು. ಅಮೆರಿಕದ ಮೇಸನ್ ಕುಟುಂಬದ ದಾನದಿಂದ ಕಟ್ಟಲಾದ ಅದೇ ಇಂದಿನ ಅಮೆರಿಕನ್ ಮಿಷನ್ ಆಸ್ಪತ್ರೆಯ ಮೂಲ. ಅದರ ಮೊದಲ ವೈದ್ಯರು ಶರಾನ್ ಥಾಮ್ಸ್ ಮತ್ತು ಅವರ ಪತ್ನಿ ಮೇರಿಯನ್. ಇಬ್ಬರೂ ವೈದ್ಯ ಪದವೀಧರರು. ಝ್ವೇಮರ್‌ರ ಪತ್ನಿ ಏಮಿ ದಾದಿಯಾಗಿ ತರಬೇತಾದವರು. ಅವರು ಬಾಲಕಿಯರಿಗಾಗಿ ಆರಂಭಿಸಿದ ಪಾಠಶಾಲೆಯ ಪರಂಪರೆಯೇ ಮನಾಮದ ಇಂದಿನ ‘ಅಲ್ ರಜಾ’ ಶಾಲೆ. ಇವರು ತೆತ್ತ ಬೆಲೆಯೂ ಕಡಿಮೆಯದಲ್ಲ. 1904ರ ಜುಲೈ ತಿಂಗಳಲ್ಲಿ ಝ್ವೇಮರ್ ದಂಪತಿಗಳ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸುಮಾರು ಒಂದು ವಾರದ ಅಂತರದಲ್ಲಿ ಭೇದಿಯಿಂದ ತೀರಿಕೊಂಡರು. ಮರುವರ್ಷವೇ ಮೇರಿಯನ್ ಥಾಮ್ಸ್ ವಿಷಮಶೀತ ಜ್ವರಕ್ಕೆ ತುತ್ತಾದರು. ಶರಾನ್ ಥಾಮ್ಸ್ ಮುಂದೆ ಮಸ್ಕತ್ತಿನ ಬಳಿಯ ಮತ್ರಹ್‌ಗೆ ಹೋಗಿ ಅಲ್ಲಿ ಚಿಕಿತ್ಸಾಲಯ ನಡೆಸಿದರು. 1913ರ ಜನವರಿಯಲ್ಲಿ ದೂರವಾಣಿಯ ತಂತಿ ಎಳೆಯಲು ಕಂಬ ಹತ್ತಿದ್ದಾಗ ಬಿದ್ದು ಪ್ರಾಣ ಬಿಟ್ಟರು. ಪರರ ಮಕ್ಕಳಿಗೆ ಔಷಧಿ ಕೊಡಲು ಬಂದವರು ತಮ್ಮ ಮಕ್ಕಳನ್ನು ಮರಳಿನಲ್ಲಿ ಹೂಳಬೇಕಾಯಿತು. ವಿಶ್ವಾಸದಲ್ಲಿ ನಮಗೂ ಅವರಿಗೂ ಎಷ್ಟೇ ಅಂತರವಿರಲಿ, ಹೆತ್ತವರ ಈ ದುಃಖಕ್ಕೆ ಮರುಗದ ಹೃದಯವು ಮುಸ್ಲಿಮನ ಹೃದಯವಾಗಿರಲಾರದು.

ಮಹಿಳೆಯರ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆ ಊರುಗಳಲ್ಲಿ ಪುರುಷ ವೈದ್ಯನ ಮುಂದೆ ಹೆಣ್ಣುಮಕ್ಕಳು ಬರುವುದಿರಲಿ, ಅವರ ರೋಗದ ವಿಷಯವನ್ನು ಗಂಡಸರು ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ. ಹೆರಿಗೆಯ ನಂತರ ಬಾಣಂತಿಗೆ ಕಲ್ಲುಪ್ಪಿನ ಉಂಡೆಗಳನ್ನು ಬಳಸುವ ಕ್ರೂರ ರೂಢಿಯೊಂದು ಕೊಲ್ಲಿಯಲ್ಲಿತ್ತು. ಅದರಿಂದ ಅಂಗಾಂಶಗಳು ಗಾಯಗೊಂಡು ಗಡುಸಾಗಿ, ಮುಂದಿನ ಹೆರಿಗೆ ತಾಯಿಗೂ ಮಗುವಿಗೂ ಪ್ರಾಣಾಂತಿಕವಾಗುತ್ತಿತ್ತು. ಇದು ಇಸ್ಲಾಮಿನ ವಿಧಿಯಲ್ಲ, ಕೇವಲ ಊರಿನ ಪದ್ಧತಿ. ಆದರೆ ಇದನ್ನು ತಡೆಯಲು ತಿಳಿವಳಿಕೆಯುಳ್ಳ ಒಬ್ಬ ಮುಸ್ಲಿಂ ವೈದ್ಯೆಯೂ ಅಲ್ಲಿರಲಿಲ್ಲ. 1912ರಲ್ಲಿ ಕುವೈತಿಗೆ ಬಂದ ಡಾ. ಎಲಿನರ್ ಕ್ಯಾಲ್ವರ್ಲಿ ಆ ನಾಡಿನ ಮೊದಲ ಮಹಿಳಾ ವೈದ್ಯೆ. ಆರಂಭದಲ್ಲಿ ಯಾರೂ ಹತ್ತಿರ ಸುಳಿಯಲಿಲ್ಲ. ಸಾವಿನಂಚಿಗೆ ಹೋದ ಕೆಲವರನ್ನು ಬೇರೆ ದಾರಿಯಿಲ್ಲದೆ ಅವರ ಬಳಿಗೆ ಒಯ್ದರು. ಅವರು ಬದುಕಿ ಮನೆಗೆ ಮರಳಿದ ಮೇಲೆ ನೆರೆಹೊರೆಯ ಹೆಂಗಸರು ಬುರ್ಖಾ ತೊಟ್ಟು ಸಾಲುಗಟ್ಟಿ ಬರತೊಡಗಿದರು.

ಇದೇ ಸಭೆಗೆ ಸೇರಿದ ಇನ್ನೊಂದು ಮಿಷನ್ ನಮ್ಮ ನೆರೆಯ ಆರ್ಕಾಟು ಪ್ರದೇಶದಲ್ಲಿತ್ತು. ವೆಲ್ಲೂರಿನ ಪ್ರಸಿದ್ಧ ಆಸ್ಪತ್ರೆಯನ್ನು ಸ್ಥಾಪಿಸಿದ ಐಡಾ ಸ್ಕಡರ್ ಆ ಕುಟುಂಬದವರು. ತಾನು ವೈದ್ಯೆಯಾದದ್ದೇಕೆಂದು ಅವರು ಹೇಳುತ್ತಿದ್ದ ಕಥೆ ಬಲ್ಲವರು ಬಲ್ಲರು: ಒಂದೇ ರಾತ್ರಿ ಮೂವರು ಗಂಡಂದಿರು ಹೆರಿಗೆಯ ಕಷ್ಟದಲ್ಲಿದ್ದ ತಮ್ಮ ಹೆಂಡತಿಯರಿಗಾಗಿ ಸಹಾಯ ಕೇಳಿ ಬಂದರು. ಪುರುಷ ವೈದ್ಯರಾದ ಅವರ ತಂದೆಯನ್ನು ಕರೆದೊಯ್ಯಲು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ಹೆಂಗಸರು ತೀರಿಕೊಂಡಿದ್ದರು. ಆ ಮೂವರಲ್ಲಿ ಒಬ್ಬರು ಮುಸ್ಲಿಂ ಮನೆಯವರು. ನಮ್ಮ ಹೆಣ್ಣುಮಕ್ಕಳು ವೈದ್ಯಕೀಯ ಓದಬೇಕೇ ಎಂಬ ಚರ್ಚೆ ಮಸೀದಿಯ ಜಗಲಿಯಲ್ಲಿ ಇಂದಿಗೂ ಕೆಲವೊಮ್ಮೆ ಏಳುತ್ತದೆ. ಪರ್ದಾ ಬೇಕು, ಆದರೆ ಪರ್ದಾದೊಳಗಿನವರಿಗೆ ಚಿಕಿತ್ಸೆ ಮಾಡುವ ಹೆಣ್ಣು ವೈದ್ಯೆ ಪರರ ಮನೆಯಿಂದಲೇ ಬರಲಿ ಎಂಬ ವಾದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಇನ್ನು ಈ ಸೇವೆಯ ಇನ್ನೊಂದು ಮುಖ. ಮಿಷನ್ನಿನ ಚಿಕಿತ್ಸಾಲಯಗಳಲ್ಲಿ ವೈದ್ಯರು ರೋಗಿಗಳನ್ನು ನೋಡುವ ಮೊದಲು ಬೈಬಲಿನ ಪಾಠ ಮತ್ತು ಪ್ರಾರ್ಥನೆ ನಡೆಯುವುದು ವಾಡಿಕೆಯಾಗಿತ್ತು. ನೋವಿನಿಂದ ನರಳುವವನು ಅದನ್ನು ಕೇಳಿ ಮುಗಿಸಿದ ನಂತರವೇ ಔಷಧಿಯ ಸರದಿ. ಯಾರನ್ನೂ ಬಲವಂತವಾಗಿ ಮತಾಂತರಿಸಲಿಲ್ಲ ಎಂಬುದು ನಿಜ. ಔಷಧಿಯನ್ನು ನಿರಾಕರಿಸಲಿಲ್ಲ ಎಂಬುದೂ ನಿಜ. ಆದರೆ ರೋಗಿಯ ಅಸಹಾಯಕತೆಯೇ ಬೋಧನೆಯ ವೇದಿಕೆಯಾಗಿತ್ತು ಎಂಬುದೂ ಅಷ್ಟೇ ನಿಜ. 1896ರಲ್ಲಿ ಗುಲಾಮರ ಹಡಗೊಂದರಿಂದ ಬ್ರಿಟಿಷರು ಬಿಡಿಸಿದ 18 ಆಫ್ರಿಕನ್ ಬಾಲಕರನ್ನು ಮಸ್ಕತ್ತಿನಲ್ಲಿ ಸ್ಯಾಮುಯೆಲ್‌ರ ಸಹೋದರ ಪೀಟರ್ ಝ್ವೇಮರ್‌ರ ವಶಕ್ಕೆ ಕೊಡಲಾಯಿತು. ಅವರು ಆ ಮಕ್ಕಳಿಗೆ ಅನ್ನ, ಅಕ್ಷರ, ಕೈಕಸುಬು ಕೊಟ್ಟರು, ಜೊತೆಗೆ ತಮ್ಮ ಧರ್ಮವನ್ನೂ ಕಲಿಸಿದರು. ಮಕ್ಕಳು ಏನನ್ನು ಆರಿಸಿಕೊಳ್ಳುತ್ತಿದ್ದರೋ ಕೇಳುವವರಿರಲಿಲ್ಲ. ಆದರೆ ಓದುಗರು ಇನ್ನೊಂದನ್ನೂ ಗಮನಿಸಬೇಕು: ಆ ಮಕ್ಕಳನ್ನು ಮನೆಯಿಂದ ಕದ್ದು ಹಡಗಿಗೆ ಏರಿಸಿದವರಲ್ಲಿ ನಮ್ಮ ಹೆಸರಿನವರಿದ್ದರು. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಕಲಿಸಿದ ಧರ್ಮದ ಅನುಯಾಯಿಗಳು ಆ ಪುಣ್ಯವನ್ನು ಪರರಿಗೆ ಬಿಟ್ಟುಕೊಟ್ಟಿದ್ದರು.

ಅರಬರು ಈ ಸಂದರ್ಭವನ್ನು ನಿಭಾಯಿಸಿದ ಬಗೆ ಮೆಚ್ಚತಕ್ಕದ್ದು. ಅವರು ಔಷಧಿಯನ್ನು ಪಡೆದರು, ಬೋಧನೆಯನ್ನು ಸೌಜನ್ಯದಿಂದ ಕೇಳಿದರು, ಮಗ್ರಿಬ್‌ನ ಅಝಾನ್ ಕೇಳಿದೊಡನೆ ಎದ್ದು ಮಸೀದಿಗೆ ನಡೆದರು. ದಶಕಗಳ ಕಾಲದ ಶ್ರಮದ ನಂತರವೂ ಕೊಲ್ಲಿಯಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದವರ ಸಂಖ್ಯೆ ಬೆರಳೆಣಿಕೆಯನ್ನು ಮೀರಲಿಲ್ಲ. ಕುವೈತಿನ ಶೈಖ್ ಮುಬಾರಕ್ ಅಸ್ಸಬಾಹ್‌ರ ನಡೆಯಂತೂ ಒಂದು ಪಾಠವೇ. ಮಿಷನ್ನಿನವರು ಕುವೈತಿನಲ್ಲಿ ಬೈಬಲ್ ಅಂಗಡಿ ತೆರೆದಾಗ ಅವರು ಅದನ್ನು ಮುಚ್ಚಿಸಿದರು. ಕೆಲವು ವರ್ಷಗಳ ನಂತರ ಅದೇ ಮಿಷನ್ನಿನ ವೈದ್ಯ ಆರ್ಥರ್ ಬೆನೆಟ್‌ರನ್ನು ತಾವಾಗಿಯೇ ಆಹ್ವಾನಿಸಿ, ಆಸ್ಪತ್ರೆಗೆ ಕಡಲ ದಡದಲ್ಲಿ ಜಾಗ ಕೊಟ್ಟರು. 1914ರ ಹೊತ್ತಿಗೆ ಪುರುಷರ ಆಸ್ಪತ್ರೆ ಸಿದ್ಧವಾಯಿತು. 1920ರ ಅಕ್ಟೋಬರಿನಲ್ಲಿ ಜಹ್ರಾದ ಯುದ್ಧ ನಡೆದು, ಇಖ್ವಾನ್ ಪಡೆಯ ದಾಳಿಯಲ್ಲಿ ಗಾಯಗೊಂಡ ಕುವೈತಿಗಳನ್ನು ತಂದು ಮಲಗಿಸಿದ್ದು ಈ ಆಸ್ಪತ್ರೆಯ ಹಾಸಿಗೆಗಳಲ್ಲಿ. ಮುಸ್ಲಿಮನ ಕತ್ತಿಯಿಂದಾದ ಮುಸ್ಲಿಮನ ಗಾಯಕ್ಕೆ ಡಾ. ಸ್ಟ್ಯಾನ್ಲಿ ಮೈಲ್ರಿ ಹೊಲಿಗೆ ಹಾಕಿದರು.

ಆ ಇಖ್ವಾನ್‌ಗಳ ಒಡೆಯನಾದ ಇಬ್ನ್ ಸಊದ್ ಕೂಡ ಮಿಷನ್ ವೈದ್ಯರನ್ನು ದೂರವಿಡಲಿಲ್ಲ. 1917ರಲ್ಲಿ ಅವರು ಡಾ. ಪಾಲ್ ಹ್ಯಾರಿಸನ್‌ರನ್ನು ರಿಯಾದ್‌ಗೆ ಕರೆಸಿಕೊಂಡರು. ಜಾನ್ಸ್ ಹಾಪ್‌ಕಿನ್ಸ್‌ನಂಥ ಹೆಸರಾಂತ ಸಂಸ್ಥೆಯಲ್ಲಿ ಕಲಿತ ಈ ಶಸ್ತ್ರವೈದ್ಯರು ಅಮೆರಿಕದಲ್ಲಿ ಸುಖವಾಗಿರಬಹುದಿತ್ತು. ಅದನ್ನು ಬಿಟ್ಟು ಒಂಟೆಯ ಮೇಲೆ ಮರುಭೂಮಿ ದಾಟಿದರು, ಗುಡಾರದಲ್ಲಿಯೂ ಮಣ್ಣಿನ ಮನೆಯಲ್ಲಿಯೂ ಶಸ್ತ್ರಚಿಕಿತ್ಸೆ ನಡೆಸಿದರು. 1918-19ರ ವಿಷಮ ಇನ್ಫ್ಲುಯೆಂಜಾ ನಜ್ದ್‌ಗೂ ಹಬ್ಬಿ, ಇಬ್ನ್ ಸಊದ್‌ರ ಹಿರಿಯ ಮಗ ತುರ್ಕಿಯನ್ನೂ ಪ್ರಿಯ ಪತ್ನಿ ಜೌಹರಾರನ್ನೂ ಬಲಿ ತೆಗೆದುಕೊಂಡಿತು. ಆ ಸಂಕಟದ ದಿನಗಳಲ್ಲಿಯೂ ಹ್ಯಾರಿಸನ್ ಅಲ್ಲಿಗೆ ಹೋಗಿದ್ದರು. ಬೋಧನೆಗೆ ಅಲ್ಲಿ ಅವಕಾಶವಿರಲಿಲ್ಲ. ವೈದ್ಯನಾಗಿ ಬಂದರು, ವೈದ್ಯನಾಗಿಯೇ ಮರಳಿದರು. ಹ್ಯಾರಿಸನ್‌ರು ಅರಬರ ಕುರಿತು 1924ರಲ್ಲಿ ಬರೆದ ಪುಸ್ತಕದಲ್ಲಿ ಬದುಯಿನರ ಅತಿಥಿಸತ್ಕಾರ ಮತ್ತು ಧೈರ್ಯದ ಬಗ್ಗೆ ಗೌರವವಿದೆ. ರೋಗಿಯ ಮಂಚದ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಆ ರೋಗಿಯ ಸಮುದಾಯವನ್ನು ದ್ವೇಷಿಸುವುದು ಕಷ್ಟವಾಗುತ್ತದೆ ಎಂದು ನನಗನಿಸುತ್ತದೆ.

ಝ್ವೇಮರ್ ಹಿಡಿದ ದಾರಿ ಬೇರೆ. ಅವರು 1912ರಲ್ಲಿ ಕೈರೋಗೆ ಹೋಗಿ ಪುಸ್ತಕ, ಪತ್ರಿಕೆ, ಸಮ್ಮೇಳನಗಳ ಮೂಲಕ ಇಸ್ಲಾಮನ್ನು ಎದುರಿಸುವ ಕೆಲಸಕ್ಕೆ ನಿಂತರು. 1911ರಲ್ಲಿ ಅವರು ಆರಂಭಿಸಿದ ‘ಮೋಸ್ಲೆಮ್ ವರ್ಲ್ಡ್’ ಪತ್ರಿಕೆಯು ಹೆಸರು ಮಾರ್ಪಾಡಾಗಿ ಇಂದಿಗೂ ವಿದ್ವತ್ ಪತ್ರಿಕೆಯಾಗಿ ಬರುತ್ತಿದೆ. 1928ರಲ್ಲಿ ಅವರು ಅಲ್ ಅಝ್‌ಹರ್‌ನ ಒಳಗೆ ಹೋಗಿ ಕ್ರೈಸ್ತ ಕರಪತ್ರಗಳನ್ನು ಹಂಚಿದಾಗ ಈಜಿಪ್ಟಿನಾದ್ಯಂತ ಆಕ್ರೋಶ ಎದ್ದಿತು. ಮರುವರ್ಷ ಅವರು ಅಮೆರಿಕಕ್ಕೆ ಮರಳಿ ಪ್ರಿನ್ಸ್‌ಟನ್‌ನಲ್ಲಿ ಅಧ್ಯಾಪಕರಾದರು. ಅತಿಥಿಯಾಗಿ ಬಂದವನು ಮನೆಯ ನಡುಕೋಣೆಯಲ್ಲಿ ನಿಂತು ಮನೆಯವರ ಹಿರಿಯರನ್ನು ಅಲ್ಲಗಳೆದರೆ ಯಾರೂ ಸಹಿಸರು. ನಜ್ರಾನಿನ ಕ್ರೈಸ್ತರ ನಿಯೋಗಕ್ಕೆ ಪ್ರವಾದಿವರ್ಯರು(ಸ) ತಮ್ಮ ಮಸೀದಿಯಲ್ಲಿ ಪ್ರಾರ್ಥಿಸಲು ಅವಕಾಶ ಕೊಟ್ಟಿದ್ದನ್ನು ಸೀರಾ ಗ್ರಂಥಗಳು ಹೇಳುತ್ತವೆ. ಅವರು ಬಂದದ್ದು ಎದುರುಬದುರು ಕುಳಿತು ಮಾತನಾಡಲು, ಕರಪತ್ರ ತೂರಿ ಹೋಗಲು ಅಲ್ಲ.

ಈಜಿಪ್ಟಿನಲ್ಲಿಯೇ 1933ರಲ್ಲಿ ಪೋರ್ಟ್ ಸಈದ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಮಿಷನ್ ಅನಾಥಾಲಯದಲ್ಲಿದ್ದ ಮುಸ್ಲಿಂ ಬಾಲಕಿಯೊಬ್ಬಳು ಕ್ರೈಸ್ತ ಪ್ರಾರ್ಥನೆಗೆ ಮಂಡಿಯೂರಲು ನಿರಾಕರಿಸಿದಳು. ಅದಕ್ಕಾಗಿ ಅವಳನ್ನು ಬೆತ್ತದಿಂದ ಹೊಡೆಯಲಾಯಿತು. ಸುದ್ದಿ ದೇಶವನ್ನೇ ಕಲಕಿತು. ಪತ್ರಿಕೆಗಳು, ಉಲಮಾಗಳು, ಆಗಷ್ಟೇ ಹುಟ್ಟಿದ್ದ ಇಖ್ವಾನುಲ್ ಮುಸ್ಲಿಮೂನ್ ಸಂಘಟನೆ ಎಲ್ಲವೂ ಮಿಷನ್ನಿನ ವಿರುದ್ಧ ಎದ್ದು ನಿಂತವು. ಹೊಡೆದವರನ್ನು ದೇಶದಿಂದ ಕಳಿಸಲಾಯಿತು. ಅಸ್ಯೂತ್‌ನಲ್ಲಿ ಲಿಲಿಯನ್ ಟ್ರಾಶರ್ ಎಂಬ ಅಮೆರಿಕದ ಮಹಿಳೆ 1911ರಿಂದ ನಡೆಸುತ್ತಿದ್ದ ದೊಡ್ಡ ಅನಾಥಾಲಯದಿಂದಲೂ ಮುಸ್ಲಿಂ ಮಕ್ಕಳನ್ನು ಹೊರತರಲಾಯಿತು. ಆಕ್ರೋಶ ಸಹಜವೇ. ಆದರೆ ಅದರ ಹಿಂದೆಯೇ ಒಂದು ಮುಜುಗರದ ಪ್ರಶ್ನೆ ಬಂದಿತು: ಹೊರತಂದ ಮಕ್ಕಳನ್ನು ಇಡುವುದೆಲ್ಲಿ? ಅನಾಥನನ್ನು ದೂಡುವವನನ್ನೇ ಧರ್ಮವನ್ನು ಅಲ್ಲಗಳೆಯುವವನೆಂದು ಕುರ್‌ಆನ್ ಗುರುತಿಸಿದೆ. ಆ ಸೂರಃ ನಮ್ಮ ಪುಟ್ಟ ಮಕ್ಕಳಿಗೂ ಕಂಠಪಾಠ. ಅಂಥ ನಾಡಿನಲ್ಲಿ ಬೀದಿಯ ಅನಾಥ ಮಕ್ಕಳಿಗೆ ಹಾಸಿಗೆ ಹಾಸಿದವರು ಪರದೇಶದವರಾಗಿದ್ದರು. ಆ ಪ್ರಶ್ನೆ ಎದುರಾದ ಮೇಲೆ ಸರಕಾರವೂ ಮುಸ್ಲಿಂ ಸಂಘಗಳೂ ಅನಾಥಾಲಯ, ಶಾಲೆ, ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾದವು.

ಕೊಲ್ಲಿಯಲ್ಲಿ ಈ ಎಚ್ಚರ ಇನ್ನೂ ಮೊದಲೇ ಕಾಣಿಸಿತ್ತು. ಕುವೈತಿನ ಯುವ ವರ್ತಕ ಫರ್‌ಹಾನ್ ಅಲ್ ಖುದೈರ್ 1913ರಲ್ಲಿ ಒಂದು ಧರ್ಮಾರ್ಥ ಸಂಘವನ್ನು ಕಟ್ಟಿದರು. ಅದು ಬಡವರ ಚಿಕಿತ್ಸೆಗಾಗಿ ತುರ್ಕಿಯ ವೈದ್ಯರೊಬ್ಬರನ್ನು ಕರೆಸಿತು, ಗ್ರಂಥಾಲಯ ತೆರೆಯಿತು, ಕುಡಿಯುವ ನೀರು ಹಂಚಿತು, ಬಡವರ ಮಯ್ಯಿತ್‌ನ ಕಫನ್‌ಗೂ ವ್ಯವಸ್ಥೆ ಮಾಡಿತು. ಸಂಘ ಬಹುಕಾಲ ಬಾಳಲಿಲ್ಲ. ಆದರೂ ಬೈಗುಳಕ್ಕಿಂತ ಮೇಲಾದ ಉತ್ತರ ಅದಾಗಿತ್ತು. ಅದಕ್ಕೂ ಮುನ್ನ 1911ರಲ್ಲಿ ಕುವೈತಿನ ವರ್ತಕರು ಕೂಡಿ ಮುಬಾರಕಿಯ್ಯ ಶಾಲೆಯನ್ನು ತೆರೆದಿದ್ದರು. 1919ರಲ್ಲಿ ಬಹ್ರೈನಿನ ಮುಹರ್ರಕ್‌ನಲ್ಲಿ ‘ಅಲ್ ಹಿದಾಯ’ ಶಾಲೆ ಹುಟ್ಟಿತು. ಅದೇ ವರ್ಷ ನಮ್ಮ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪಿತವಾಯಿತು. ಇವುಗಳ ನಡುವೆ ನೇರ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಅರಬೀ ಕಡಲಿನ ಎರಡು ದಡಗಳಲ್ಲಿಯೂ ಒಂದೇ ಬಗೆಯ ಚಿಂತೆ ಜನರನ್ನು ಕಾಡುತ್ತಿತ್ತು ಎಂದಷ್ಟೇ ಹೇಳಬಹುದು. ಆ ಕಾಲದಲ್ಲಿ ಕೊಲ್ಲಿಯ ಅಂಗಡಿಗಳಲ್ಲಿ ಚಲಾವಣೆಯಲ್ಲಿದ್ದ ನಾಣ್ಯವೇ ಭಾರತದ ರೂಪಾಯಿ. ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳ ಸರಕು ಹೊತ್ತ ಮಂಜಿಗಳು ಆ ದಡಗಳಿಗೆ ಹೋಗಿ ಬರುತ್ತಿದ್ದವು.

ಸೇವೆಯನ್ನು ಅಳೆಯಲು ಕುರ್‌ಆನ್ ನಮಗೊಂದು ಮಾನದಂಡ ಕೊಟ್ಟಿದೆ. ಸೂರಃ ಅಲ್ ಇನ್ಸಾನ್‌ನಲ್ಲಿ ಸಜ್ಜನರ ಲಕ್ಷಣವನ್ನು ಹೇಳುವಾಗ, ಅವರು ಬಡವನಿಗೂ ಅನಾಥನಿಗೂ ಸೆರೆಯಾಳಿಗೂ ಉಣಬಡಿಸುತ್ತಾರೆ, ಆದರೆ ಪ್ರತಿಫಲವನ್ನಾಗಲಿ ಕೃತಜ್ಞತೆಯ ಮಾತನ್ನಾಗಲಿ ಬಯಸುವುದಿಲ್ಲ ಎಂಬ ಅರ್ಥದ ವಿವರಣೆಯಿದೆ. ಆ ಕಾಲದ ಸೆರೆಯಾಳು ಮುಸ್ಲಿಮನಾಗಿರಲಿಲ್ಲ ಎಂಬುದನ್ನು ತಫ್ಸೀರ್‌ಕಾರರು ನೆನಪಿಸಿದ್ದಾರೆ. ಈ ಮಾನದಂಡದಲ್ಲಿ ಮಿಷನ್ ಆಸ್ಪತ್ರೆಯ ಬೋಧನೆಯ ಬೆಂಚು ತೂಕ ಕಳೆದುಕೊಳ್ಳುತ್ತದೆ. ರೋಗಿಯ ಕಿವಿಯನ್ನು ಪ್ರತಿಫಲವಾಗಿ ಕೇಳಿದ ಸೇವೆ ಅದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಮ್ಮನ್ನೂ ಇಡೋಣ. ರಮಝಾನಿನಲ್ಲಿ ವಿಧವೆಯೊಬ್ಬರಿಗೆ ಒಂದು ಚೀಲ ಅಕ್ಕಿ ಕೊಟ್ಟು, ಹತ್ತು ಜನ ಸುತ್ತ ನಿಂತು ಫೋಟೋ ತೆಗೆಸಿ, ಆಕೆಯ ತಗ್ಗಿಸಿದ ಮುಖವನ್ನು ಊರಿಗೆಲ್ಲ ಹಂಚುವ ನಮ್ಮ ಸಂಘಗಳು ಕೇಳುವ ಪ್ರತಿಫಲವೇನು? ಮಿಷನರಿಯು ತನ್ನ ದೇವರಿಗಾಗಿ ಕಿವಿ ಕೇಳಿದನು, ನಾವು ನಮ್ಮ ಹೆಸರಿಗಾಗಿ ಮುಖ ಕೇಳುತ್ತೇವೆ.

ಕೊಲ್ಲಿಯ ಬದುಕು ಬೇಗನೆ ಬದಲಾಯಿತು. ಜಪಾನಿನ ಕೃಷಿಮುತ್ತು ಮತ್ತು 1929ರ ನಂತರದ ಆರ್ಥಿಕ ಕುಸಿತ ಸೇರಿ ಮುತ್ತಿನ ವ್ಯಾಪಾರವನ್ನು ಮುಳುಗಿಸಿದವು. 1932ರಲ್ಲಿ ಬಹ್ರೈನಿನಲ್ಲಿ, 1938ರಲ್ಲಿ ಕುವೈತಿನಲ್ಲಿ ತೈಲ ಸಿಕ್ಕಿತು. 1949ರಲ್ಲಿ ಕುವೈತ್ ಸರಕಾರ ತನ್ನದೇ ಆದ ಅಮೀರಿ ಆಸ್ಪತ್ರೆಯನ್ನು ತೆರೆಯಿತು. ಒಮಾನಿನಲ್ಲಿ ಮಾತ್ರ ಕಾಲ ನಿಧಾನವಾಗಿ ಚಲಿಸಿತು. ಕಂಬದಿಂದ ಬಿದ್ದು ಸತ್ತ ಶರಾನ್ ಥಾಮ್ಸ್‌ರ ಮಗ ವೆಲ್ಸ್, ತಂದೆ ತೀರಿಕೊಂಡಾಗ ಇನ್ನೂ ಬಾಲಕ. ಆತನೂ ವೈದ್ಯನಾಗಿ 1939ರಲ್ಲಿ ಅದೇ ಮತ್ರಹ್‌ಗೆ ಬಂದು 1970ರವರೆಗೆ ಅಲ್ಲಿಯೇ ದುಡಿದರು. ಆ ಮೂರು ದಶಕಗಳಲ್ಲಿ ಒಮಾನಿನ ಜನಸಾಮಾನ್ಯರಿಗೆ ಆಸ್ಪತ್ರೆಯೆಂದರೆ ಬಹುಮಟ್ಟಿಗೆ ಥಾಮ್ಸ್‌ರ ಆಸ್ಪತ್ರೆಯೇ ಆಗಿತ್ತು. ಜನ ಅದನ್ನು ಕರೆದದ್ದು ‘ಅರ್ರಹ್ಮ’, ಅಂದರೆ ಕರುಣೆ ಎಂದು. ಸುಲ್ತಾನ್ ಖಾಬೂ‌ಸ್ ಅಧಿಕಾರಕ್ಕೆ ಬಂದ ನಂತರ ಮಿಷನ್ ಆಸ್ಪತ್ರೆಗಳು ಸರಕಾರದ ಆರೋಗ್ಯ ಇಲಾಖೆಯಲ್ಲಿ ಸೇರಿಹೋದವು.

ಕುವೈತಿನ ಮಿಷನ್ ಆಸ್ಪತ್ರೆ 1967ರಲ್ಲಿ ಮುಚ್ಚಿತು. ಕಡಲಿಗೆ ಮುಖ ಮಾಡಿದ ಆ ಕಟ್ಟಡಗಳು ಬಹುಕಾಲ ಹಾಗೆಯೇ ಇದ್ದವು. ಅನಂತರ ಅವುಗಳನ್ನು ದುರಸ್ತಿ ಮಾಡಿ, 2011ರಲ್ಲಿ ‘ದಾರುಲ್ ಆಸಾರಿಲ್ ಇಸ್ಲಾಮಿಯ್ಯ’ ಸಂಸ್ಥೆಯ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಲಾಯಿತು. ಔಷಧಿಗಾಗಿ ಕಾಯುತ್ತ ರೋಗಿಗಳು ಬೈಬಲಿನ ಪಾಠ ಕೇಳಿದ್ದ ಆ ಕಟ್ಟಡಗಳಲ್ಲಿ ಈಗ ಇಸ್ಲಾಮೀ ಕಲೆಯ ಪ್ರದರ್ಶನಗಳು ನಡೆಯುತ್ತವೆ. ಕುವೈತಿಗಳು ಅದರ ಹೆಸರನ್ನು ಬದಲಿಸಲಿಲ್ಲ. ಇಂದಿಗೂ ಅದು ‘ಅಮ್ರಿಕಾನಿ’ಯೇ.